ಯಾರ ಸಂಕೋಚ? ಯಾರ ಅಜ್ಞಾನ?

ಅರ್ಬುದ ರೋಗ, ಎಂದರೆ ಎಲ್ಲರ ಬಾಯಲ್ಲಿರುವ ಕ್ಯಾನ್ಸರ್, ಬೇರೂರುವ ಮುಂಚೆಯೇ ಅದರ ಸುಳಿವು ಹಿಡಿಯುವ ಪರೀಕ್ಷೆಗಳು ಈಗ ಉಂಟು. ಅವುಗಳಲ್ಲಿ ಕೆಲವು ಬಹು ಸರಳ. ಹೆಚ್ಚು ವೆಚ್ಚದವಲ್ಲ, ಹೆಚ್ಚು ನೋವಿನವೂ ಅಲ್ಲ. ಆದರೂ ನಮ್ಮ ಜನ, ಅದರಲ್ಲಿಯೂ ನಮ್ಮ ಹೆಣ್ಣುಮಕ್ಕಳು, ಮೈಯಲ್ಲಿ ಸುಖವಾಗಿರುವಾಗ ಇಂಥ ತಪಾಸಣೆಗೆ ಹೋಗುವುದಿಲ್ಲ. ಏಕೆ ಹೋಗುವುದಿಲ್ಲವೆಂದು ಸೊಲ್ಲಾಪುರದಲ್ಲಾಗಲಿ, ಅಕ್ಕಲಕೋಟೆಯಲ್ಲಾಗಲಿ, ಜತ್ತಿನಲ್ಲಾಗಲಿ ಓದಿದ ಗೃಹಸ್ಥರೊಬ್ಬರನ್ನು ಕೇಳಿ ನೋಡಿ, ಉತ್ತರ ಸಿದ್ಧವಾಗಿರುತ್ತದೆ. "ಏನು ಮಾಡುವುದು ಸ್ವಾಮಿ, ಹೆಂಗಸರಿಗೆ ಸಂಕೋಚ, ಹಳ್ಳಿಯವರಿಗೆ ಅಜ್ಞಾನ, ಎಲ್ಲರಿಗೂ ಹಣೆಬರಹದ ಮೇಲೆ ಭಾರ." ಇಷ್ಟು ಹೇಳಿ ಅವರು ಎಲೆಗೆ ಸುಣ್ಣ ಸವರತೊಡಗುತ್ತಾರೆ. ಸಂಕೋಚ, ಅಜ್ಞಾನ, ಹಣೆಬರಹ: ಈ ಮೂರು ಮಾತುಗಳಲ್ಲಿ ವರ್ಷಕ್ಕೆ ಸಾವಿರಾರು ತಾಯಂದಿರ ಸಾವಿನ ಲೆಕ್ಕ ಚುಕ್ತಾ ಆಗಿಬಿಡುತ್ತದೆ.

ಈ ಉತ್ತರ ತಪ್ಪು ಎಂಬುದೇ ನನ್ನ ವಾದ. ಸಾಯುವವರ ಮೇಲೆಯೇ ಸಾವಿನ ಹೊಣೆ ಹೊರಿಸಿ, ಹೊಣೆ ಹೊರಬೇಕಾದವರನ್ನೆಲ್ಲ ಬಿಡುಗಡೆ ಮಾಡುವ ಉತ್ತರವಿದು. ಆ ಹೊಣೆಗಾರರಲ್ಲಿ ಸರಕಾರ ಮೊದಲನೆಯದು. ಆದರೆ ನಮ್ಮ ಸಂಘವೂ, ಈ ಪತ್ರಿಕೆಯನ್ನು ಓದುವ ನಾವೆಲ್ಲರೂ, ಆ ಪಟ್ಟಿಯ ಹೊರಗಿಲ್ಲ. ಅದನ್ನು ತೋರಿಸುವುದಕ್ಕಾಗಿ ಈ ಲೇಖನ.

ಗರ್ಭಕೋಶದ ಕೊರಳಿನ ಕ್ಯಾನ್ಸರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. 2022ರ ಅಂತರರಾಷ್ಟ್ರೀಯ ಅಂದಾಜಿನ ಪ್ರಕಾರ ಆ ಒಂದೇ ವರ್ಷದಲ್ಲಿ ಭಾರತದ ಸುಮಾರು 1 ಲಕ್ಷ 27 ಸಾವಿರ ಸ್ತ್ರೀಯರಲ್ಲಿ ಈ ರೋಗ ಹೊಸದಾಗಿ ಕಂಡುಬಂತು. ಸುಮಾರು 80 ಸಾವಿರ ಮಂದಿ ಇದರಿಂದಲೇ ತೀರಿಕೊಂಡರು. ಈ ರೋಗದ ಮೂಲ ಪ್ಯಾಪಿಲೋಮಾ ಎಂಬ ಜಾತಿಯ ವೈರಸ್. ಇದನ್ನು ತೋರಿಸಿಕೊಟ್ಟ ಜರ್ಮನಿಯ ವಿಜ್ಞಾನಿ ಹರಾಲ್ಡ್ ಝುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಈ ವೈರಸ್ ಸಂಸಾರಸ್ಥರಲ್ಲಿ ಬಹುಪಾಲು ಮಂದಿಗೆ ಎಂದಾದರೊಮ್ಮೆ ಅಂಟುವಂಥದು. ಒಂದೆರಡು ವರ್ಷಗಳಲ್ಲಿ ಸಾಮಾನ್ಯವಾಗಿ ತಾನೇ ಹೋಗಿಬಿಡುತ್ತದೆ. ಕೆಲವರಲ್ಲಿ ಮಾತ್ರ ಉಳಿದುಕೊಂಡು ಒಳಗಿನ ಜೀವಕೋಶಗಳನ್ನು ಮೆಲ್ಲಗೆ ಕೆಡಿಸತೊಡಗುತ್ತದೆ. ಆ ಕೇಡು ಕ್ಯಾನ್ಸರ್ ಆಗುವುದಕ್ಕೆ ಸಾಮಾನ್ಯವಾಗಿ ಹತ್ತು, ಹದಿನೈದು, ಇಪ್ಪತ್ತು ವರ್ಷ ಹಿಡಿಯುತ್ತದೆ. ಅಷ್ಟು ಕಾಲವೂ ನೋವಿಲ್ಲ, ಸ್ರಾವವಿಲ್ಲ, ಯಾವ ಸೂಚನೆಯೂ ಇಲ್ಲ. "ನನಗೇನಾಗೇದ? ಗಟ್ಟಿಮುಟ್ಟಾಗಿದ್ದೀನಿ" ಎನ್ನುವ ಅವ್ವನ ಮಾತು ಆಕೆಯ ಮಟ್ಟಿಗೆ ನಿಜವೇ. ಆದರೆ ಆಕೆಯನ್ನು ಉಳಿಸಿಕೊಳ್ಳುವ ಕಾಲವೂ ಅದೇ.

ಪರೀಕ್ಷೆಯಾದರೂ ಎಂಥದು? ಅಡಿಗೆಗೆ ಬಳಸುವ ವಿನೆಗರಿನಲ್ಲಿರುವ ಅಸಿಟಿಕ್ ಆಮ್ಲವನ್ನೇ ನೀರಿನಲ್ಲಿ ತೆಳುವಾಗಿಸಿ ಗರ್ಭಕೋಶದ ಕೊರಳಿಗೆ ಸವರಿ ಒಂದು ನಿಮಿಷ ಕಾದರೆ, ಕೆಟ್ಟ ಭಾಗ ಬೆಳ್ಳಗೆ ಕಾಣುತ್ತದೆ. ತರಬೇತಿ ಹೊಂದಿದ ದಾದಿಗೆ ಇಷ್ಟು ಸಾಕು. ಜೀವಕೋಶಗಳನ್ನು ಒರೆಸಿ ತೆಗೆದು ಸೂಕ್ಷ್ಮದರ್ಶಕದಡಿ ನೋಡುವ ಪಾಪನಿಕೊಲಾವ್ ಅವರ ಪರೀಕ್ಷೆ 1940ರ ದಶಕದಿಂದಲೂ ವೈದ್ಯಲೋಕಕ್ಕೆ ತಿಳಿದದ್ದು. ವೈರಸ್ಸನ್ನೇ ನೇರವಾಗಿ ಗುರುತಿಸುವ ಇನ್ನೊಂದು ಪರೀಕ್ಷೆಯುಂಟು. ಅದಕ್ಕೆ ಬೇಕಾದ ಮಾದರಿಯನ್ನು ಹೆಂಗಸು ಯಾರ ಎದುರೂ ಬಟ್ಟೆ ಸರಿಸದೆ ತಾನೇ ತೆಗೆದುಕೊಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರ ತನ್ನ ಮಾರ್ಗಸೂಚಿಯಲ್ಲಿ ಒಪ್ಪಿದೆ. ಕೇಡು ಕಂಡರೆ ಅದನ್ನು ಶೀತದಿಂದಲೋ ಶಾಖದಿಂದಲೋ ಕೆಲವೇ ನಿಮಿಷಗಳಲ್ಲಿ ಸುಟ್ಟು ತೆಗೆಯಬಹುದು; ಹೆಚ್ಚಿನವರು ಅದೇ ದಿನ ಮನೆಗೆ ನಡೆದು ಹೋಗುತ್ತಾರೆ.

ಇದೆಲ್ಲ ಕಾಗದದ ಮೇಲೆ ನಮ್ಮ ದೇಶದಲ್ಲಿಯೂ ಇದೆ. 30ರಿಂದ 65 ವರ್ಷದವರಿಗೆ ಐದು ವರ್ಷಕ್ಕೊಮ್ಮೆ ಬಾಯಿ, ಸ್ತನ, ಗರ್ಭಕೋಶದ ಕೊರಳುಗಳ ತಪಾಸಣೆ ನಡೆಯಬೇಕೆಂದು ಕೇಂದ್ರ ಸರಕಾರ 2016ರಲ್ಲಿಯೇ ಮಾರ್ಗಸೂಚಿ ಹೊರಡಿಸಿತು. ಆಮೇಲೆ ಏನಾಯಿತು? 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 30ರಿಂದ 49 ವರ್ಷದ ಸ್ತ್ರೀಯರನ್ನು ವಿಚಾರಿಸಿದಾಗ, ಜೀವಮಾನದಲ್ಲಿ ಒಮ್ಮೆಯಾದರೂ ಗರ್ಭಕೋಶದ ಕೊರಳಿನ ತಪಾಸಣೆಯಾಗಿದೆ ಎಂದವರು ನೂರಕ್ಕೆ 1.9 ಮಾತ್ರ. ನೂರು ಜನರಲ್ಲಿ ಇಬ್ಬರೂ ತುಂಬಲಿಲ್ಲ. ಈ ಅಂಕಿಯನ್ನು ಮುಂದಿಟ್ಟುಕೊಂಡೇ ನಮ್ಮ ಗೃಹಸ್ಥರು "ನೋಡಿ, ಅಜ್ಞಾನ!" ಎನ್ನುತ್ತಾರೆ.

ಈಗ ನಮ್ಮ ನೆರೆಯ ಇನ್ನೊಂದು ಅಂಕಿಯನ್ನು ನೋಡೋಣ. ಹಿಂದೆ ನಿಜಾಮನ ಸೀಮೆಯಲ್ಲಿದ್ದ, 2023ರಿಂದ ಧಾರಾಶಿವ ಎಂದು ಹೆಸರು ಬದಲಿಸಿಕೊಂಡ ಉಸ್ಮಾನಾಬಾದ್ ಜಿಲ್ಲೆ ನಮಗೆ ಹೊಸದಲ್ಲ; ಉಮರ್ಗಾ ಸೀಮೆಯಲ್ಲಿ ಇಂದಿಗೂ ಕನ್ನಡದ ಮನೆಗಳುಂಟು. ಆ ಜಿಲ್ಲೆಯ ಹಳ್ಳಿಗಳಲ್ಲಿ 1999ರಿಂದ ಒಂದು ದೊಡ್ಡ ಪ್ರಯೋಗ ನಡೆಯಿತು. ನಮ್ಮ ಸೊಲ್ಲಾಪುರ ಜಿಲ್ಲೆಯದೇ ಆದ ಬಾರ್ಶಿಯ ನರ್ಗಿಸ್ ದತ್ತ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆ, ಮುಂಬಯಿಯ ಟಾಟಾ ಸ್ಮಾರಕ ಕೇಂದ್ರ ಹಾಗೂ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆ ಕೂಡಿ ಅದನ್ನು ನಡೆಸಿದವು. 30ರಿಂದ 59 ವರ್ಷದ 1,31,746 ಆರೋಗ್ಯವಂತ ಸ್ತ್ರೀಯರನ್ನು ನಾಲ್ಕು ಗುಂಪು ಮಾಡಿ, ಮೂರು ಗುಂಪಿಗೆ ಒಂದೊಂದು ಬಗೆಯ ಪರೀಕ್ಷೆಯನ್ನು ಒಮ್ಮೆ ಮಾತ್ರ ನೀಡಲಾಯಿತು. ನಾಲ್ಕನೆಯ ಗುಂಪಿಗೆ ರೋಗದ ತಿಳಿವಳಿಕೆಯನ್ನೂ ಎಂದಿನ ಆರೈಕೆಯನ್ನೂ ಬಿಟ್ಟು ಬೇರೇನಿರಲಿಲ್ಲ. ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ವೈರಸ್ ಪರೀಕ್ಷೆಯ ಗುಂಪಿನ 34,126 ಮಂದಿಯಲ್ಲಿ ಪರೀಕ್ಷೆಗೆ ಬಂದವರೆಷ್ಟು? 27,192. ನೂರಕ್ಕೆ ಸುಮಾರು 80! ಮಿಕ್ಕೆರಡು ಪರೀಕ್ಷೆಗಳ ಗುಂಪುಗಳಲ್ಲಿಯೂ ಹೆಚ್ಚುಕಡಿಮೆ ಹಾಗೆಯೇ.

ವಾಚಕರು ಇಲ್ಲಿ ತುಸು ನಿಂತು ಯೋಚಿಸಬೇಕು. ಇವರು ಯಾರು? ಹೊಲದಲ್ಲಿ ಕಳೆ ಕೀಳುವವರು, ಕಬ್ಬು ಕಡಿಯಲು ವಲಸೆ ಹೋಗುವವರು, ಅಕ್ಷರ ಕಲಿಯದವರೇ ಬಹಳ. ಬರಗಾಲದ ಜಿಲ್ಲೆ, ಬಡ ಜಿಲ್ಲೆ. ಇವರಿಗೆ ಸಂಕೋಚವಿರಲಿಲ್ಲವೇ? ನಮ್ಮ ಅಕ್ಕತಂಗಿಯರಿಗಿಂತ ಇವರು ಹೆಚ್ಚು ಓದಿದವರೇ? ಹಣೆಬರಹವೆಂಬ ಮಾತು ಅವರ ಊರಿಗೆ ಹೋಗಿರಲಿಲ್ಲವೇ? ಇದ್ದದ್ದು ಒಂದೇ ವ್ಯತ್ಯಾಸ. ಅಲ್ಲಿ ಕಾರ್ಯಕರ್ತರು ಮನೆಮನೆಗೆ ಹೋಗಿ ಕೂತು ತಿಳಿಸಿ ಹೇಳಿದರು. ಪರೀಕ್ಷೆ ಹಳ್ಳಿಗೇ ಬಂತು. ಪರೀಕ್ಷಿಸಿದವರು ತರಬೇತಿ ಪಡೆದ ದಾದಿಯರು. ಕೇಡು ಕಂಡವರಿಗೆ ಚಿಕಿತ್ಸೆ ಪುಕ್ಕಟೆಯಾಗಿ ದೊರೆಯಿತು. ಅಷ್ಟು ಮಾಡಿದಾಗ ನೂರಕ್ಕೆ 80 ಜನ ಬಂದರು. ಅದೇ ದೇಶದಲ್ಲಿ, ಅದೇ ಮಾರ್ಗಸೂಚಿ ಹೊರಟ ಮೇಲೂ, ಅದನ್ನು ಮಾಡದ ಕಡೆ ನೂರಕ್ಕೆ ಇಬ್ಬರೂ ಬರಲಿಲ್ಲ. ಹೀಗಿರುವಾಗ ದೋಷ ಬಾರದವರದೋ, ಕರೆಯದವರದೋ?

ಬಂದದ್ದರ ಫಲವೇನೆಂಬುದನ್ನೂ ಹೇಳಬೇಕು. ಎಂಟು ವರ್ಷಗಳಲ್ಲಿ ವೈರಸ್ ಪರೀಕ್ಷೆಯ ಗುಂಪಿನಲ್ಲಿ ಮುಂದುವರಿದ ಹಂತದ ರೋಗ ಕಂಡದ್ದು 39 ಮಂದಿಗೆ, ಸತ್ತವರು 34. ಸುಮಾರಾಗಿ ಅಷ್ಟೇ ದೊಡ್ಡದಾದ, ಪರೀಕ್ಷೆಯಿಲ್ಲದ ಗುಂಪಿನಲ್ಲಿ ಮುಂದುವರಿದ ರೋಗ 82 ಮಂದಿಗೆ, ಸಾವು 64. ಒಂದೇ ಒಂದು ಸಲದ ಪರೀಕ್ಷೆ ಸಾವನ್ನು ಸರಿಸುಮಾರು ಅರ್ಧಕ್ಕೆ ಇಳಿಸಿತು. ಆ ನಾಲ್ಕನೆಯ ಗುಂಪಿಗೆ ಪರೀಕ್ಷೆ ನೀಡದೆ ಬಿಟ್ಟದ್ದು ನ್ಯಾಯವೇ ಎಂದು ಮುಂದೆ ಕೆಲವು ವೈದ್ಯರು ಆಕ್ಷೇಪವೆತ್ತಿದರು. ಆ ಆಕ್ಷೇಪದಲ್ಲಿ ಬಲವಿದೆ. ಆದರೆ ಆ 31,488 ಸ್ತ್ರೀಯರ ಸ್ಥಿತಿಗಾಗಿ ಮರುಗುವವರು ಒಂದು ಮಾತನ್ನು ಮರೆಯಬಾರದು: ಪರೀಕ್ಷೆಯಿಲ್ಲದ ಆ ಗುಂಪಿನಲ್ಲಿಯೇ ಇಂದಿಗೂ ಭಾರತದ ಬಹುಪಾಲು ಸ್ತ್ರೀಯರು ಇದ್ದಾರೆ, ನಮ್ಮ ಮನೆಯವರೂ ಇದ್ದಾರೆ.

ಬಾರ್ಶಿಯ ಮಾತು ಬಂದಿತೆಂದು ಇನ್ನೊಂದನ್ನೂ ಹೇಳುತ್ತೇನೆ. 1987ರಲ್ಲಿ ಅಲ್ಲಿ ಗ್ರಾಮೀಣ ಕ್ಯಾನ್ಸರ್ ನೋಂದಣಿಯ ಕಾರ್ಯ ಆರಂಭವಾಯಿತು. ದೇಶದಲ್ಲಿ ಹಳ್ಳಿಗರಿಗೆಂದು ಮಾಡಿದ ಅಂಥ ನೋಂದಣಿಗಳಲ್ಲಿ ಅದೇ ಮೊದಲನೆಯದು. ಕಾರ್ಯಕರ್ತರು ಹಳ್ಳಿಹಳ್ಳಿಗೆ ಹೋಗಿ ಜನರೊಡನೆ ಕೂತು, ಇಂಥಿಂಥ ಚಿಹ್ನೆ ಕಂಡರೆ ತಡಮಾಡಬೇಡಿರೆಂದು ಅವರ ಮಾತಿನಲ್ಲಿಯೇ ಹೇಳತೊಡಗಿದರು. ಹೊಸ ಯಂತ್ರವಿಲ್ಲ, ಹೊಸ ಔಷಧವಿಲ್ಲ. ಕೆಲವೇ ವರ್ಷಗಳಲ್ಲಿ ರೋಗ ಎಳೆಯದಿರುವಾಗಲೇ ಆಸ್ಪತ್ರೆಗೆ ಬಂದ ಸ್ತ್ರೀಯರ ಪ್ರಮಾಣ ಏರಿತು. ಮನಸ್ಸಿಗೆ ಹತ್ತುವ ಭಾಷೆಯಲ್ಲಿ ಆಡಿದ ಮಾತೇ ಅಲ್ಲಿ ಅರ್ಧ ಔಷಧವಾಯಿತು.

ಇನ್ನು ಸಂಕೋಚದ ವಿಚಾರ. ಸಂಕೋಚವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ಅದು ಹುಟ್ಟುವುದೆಲ್ಲಿ? ಪರದೆಯಿಲ್ಲದ ಕೋಣೆಯಲ್ಲಿ, ಬಾಗಿಲು ಅರ್ಧ ತೆರೆದಿರುವಾಗ, ಹೊರಗೆ ಸಾಲಿನಲ್ಲಿ ಕುಳಿತ ಗಂಡಸರಿಗೆ ಕೇಳಿಸುವಂತೆ "ಯಾವಾಗ ನಿಂತಿತು? ಬಿಳಿ ಹೋಗುತ್ತದೆಯೇ?" ಎಂದು ಗದರಿಸಿ ಕೇಳುವಲ್ಲಿ ಹುಟ್ಟುತ್ತದೆ. ನಾಲ್ಕೈದು ಹೆರಿಗೆಗಳ ನೋವನ್ನು ತಡೆದುಕೊಂಡ ತಾಯಿಗೆ ಒಂದು ನಿಮಿಷದ ಪರೀಕ್ಷೆ ಸಹಿಸದಷ್ಟು ನಾಜೂಕಿಲ್ಲ. ಆಕೆ ಸಹಿಸದಿರುವುದು ಅಪಮಾನವನ್ನು. ಮಾನ ಕಾಯುವ ಒಂದು ಪರದೆ, ಒಬ್ಬ ನರ್ಸಬಾಯಿ, ಒಂದು ಮೆತ್ತನೆಯ ಮಾತು: ಇವುಗಳನ್ನು ಒದಗಿಸದೆ ಆಕೆಯ ಸಂಕೋಚವನ್ನು ಜರೆಯುವುದು, ಬಾವಿಗೆ ಹಗ್ಗ ಹಾಕದೆ ನೀರು ಸೇದಲು ಬಾರದವಳೆಂದು ಸೊಸೆಯನ್ನು ಬೈದಂತೆ.

ಇದಕ್ಕಿಂತಲೂ ಕಹಿಯಾದ ಸಂಗತಿ ಮತ್ತೊಂದುಂಟು. ಈ ವೈರಸ್ ದಾಂಪತ್ಯದ ಸಂಗದಿಂದ ಅಂಟುತ್ತದೆಂಬ ಅರೆಬರೆ ತಿಳಿವಳಿಕೆ ಓದಿದವರ ಮನೆಗಳಿಗೆ ಬಂದಿದೆ. ತಿಳಿವಳಿಕೆ ಅರೆಬರೆಯಾದಾಗ ಅದು ಅಜ್ಞಾನಕ್ಕಿಂತ ಕ್ರೂರ. ಪರೀಕ್ಷೆಯಲ್ಲಿ ವೈರಸ್ ಕಂಡಿತೆಂದರೆ ಅತ್ತೆ ಏನೆಂದಾಳು, ಗಂಡ ಹೇಗೆ ನೋಡಿಯಾನು ಎಂಬ ಭಯಕ್ಕೆ ಹೆಂಗಸು ಪರೀಕ್ಷೆಯನ್ನೇ ತಪ್ಪಿಸುತ್ತಾಳೆ. ಆದ್ದರಿಂದ ಗಂಡಸರೆಲ್ಲರೂ ಸ್ಪಷ್ಟವಾಗಿ ಕೇಳಿಕೊಳ್ಳಬೇಕು: ಈ ವೈರಸ್ ಬಹುತೇಕ ಎಲ್ಲರಿಗೂ ಅಂಟುವಂಥದು, ಪತಿವ್ರತೆಗೂ ತನ್ನ ಗಂಡನಿಂದಲೇ ಅಂಟುತ್ತದೆ, ಒಳಗೆ ಎಷ್ಟೋ ವರ್ಷ ಸುಮ್ಮನೆ ಇರಬಲ್ಲದು. ಅದರಿಂದ ಯಾರ ನಡತೆಯನ್ನೂ ಅಳೆಯಲು ಬರುವುದಿಲ್ಲ. ಇಷ್ಟನ್ನು ತಿಳಿದ ಗಂಡ ತನ್ನ ಹೆಂಡತಿಗೆ "ನೀ ಹೋಗಿ ಬಾ, ಏನು ಬಂದರೂ ನಾನಿದ್ದೇನೆ" ಎಂದು ಒಂದು ಮಾತು ಹೇಳಿದರೆ, ಆಸ್ಪತ್ರೆಯ ನೂರು ಭಿತ್ತಿಪತ್ರಗಳು ಮಾಡದ ಕೆಲಸವಾಗುತ್ತದೆ.

ಹಣೆಬರಹದ ಮಾತನ್ನೂ ಪರಿಶೀಲಿಸೋಣ. "ಆ ಜಡ್ಡು ಬಂದವರು ಯಾರು ಉಳಿದಾರು? ತಿಳಿದು ಸಾಯುವುದಕ್ಕಿಂತ ತಿಳಿಯದೆ ಸಾಯುವುದು ಲೇಸು" ಎನ್ನುತ್ತಾರೆ. ರೋಗದ ಹೆಸರನ್ನು ಬಾಯಲ್ಲಿ ತರುವುದಕ್ಕೂ ಹಿಂಜರಿದು "ದೊಡ್ಡ ಜಡ್ಡು" ಎಂದುಬಿಡುತ್ತಾರೆ. ಇದು ವೇದಾಂತವಲ್ಲ, ಅನುಭವದಿಂದ ಬಂದ ತೀರ್ಮಾನ. ಅವರು ಕಂಡದ್ದು ಯಾರನ್ನು? ತೀರ ತಡವಾಗಿ ದವಾಖಾನೆಗೆ ಹೋಗಿ, ಹೊಲ ಮಾರಿ, ಬಂಗಾರ ಒತ್ತೆಯಿಟ್ಟು, ಕಡೆಗೆ ಹೆಣವಾಗಿ ಮರಳಿದವರನ್ನು. ಎಳೆಯ ಹಂತದಲ್ಲಿಯೇ ಕೇಡನ್ನು ತೆಗೆಯಿಸಿಕೊಂಡವಳು ಅದೇ ಸಂಜೆ ಮನೆಗೆ ಬಂದು ರೊಟ್ಟಿ ಬಡಿದಿರುತ್ತಾಳೆ. ಅವಳಿಗೆ ಕ್ಯಾನ್ಸರೇ ಆಗಲಿಲ್ಲವಾದ್ದರಿಂದ ಅವಳ ಕಥೆಯನ್ನು ಊರು ಹೇಳುವುದಿಲ್ಲ. ಉಳಿದವರು ಕಣ್ಣಿಗೆ ಬೀಳುವುದಿಲ್ಲ, ಅಳಿದವರು ಮಾತ್ರ ಬೀಳುತ್ತಾರೆ. ಆದ್ದರಿಂದ ಭಯ, ಭಯದಿಂದ ತಡ, ತಡದಿಂದ ಸಾವು, ಸಾವಿನಿಂದ ಮತ್ತೆ ಭಯ. ಈ ಗಾಣವನ್ನು ನಿಲ್ಲಿಸಬೇಕಾದವರು ಬದುಕಿ ಉಳಿದವರ ಕಥೆಯನ್ನು ಹೇಳಬಲ್ಲ ನಾವು. ನಾವೋ ಹಣೆಬರಹವನ್ನು ನಂಬಿದ್ದಕ್ಕಾಗಿ ಅವರನ್ನೇ ಹೀಯಾಳಿಸುತ್ತೇವೆ.

ಕೂಲಿಯ ಲೆಕ್ಕವನ್ನಂತೂ ನಮ್ಮ ವಿದ್ಯಾವಂತರು ಮರೆತೇಬಿಡುತ್ತಾರೆ. ಸೊಲ್ಲಾಪುರದಲ್ಲಿ ಬೀಡಿ ಕಟ್ಟುವ ಹೆಂಗಸಿಗೆ ಮಜೂರಿ ಸಾವಿರ ಬೀಡಿಯ ಲೆಕ್ಕದಲ್ಲಿ. ಕಟ್ಟದ ದಿನಕ್ಕೆ ಕಾಸಿಲ್ಲ. ಹೊಲದ ಆಳಿಗೂ ಹಾಗೆಯೇ. ಆಕೆ ಜಿಲ್ಲೆಯ ಊರಿಗೆ ಹೋಗಿಬರುವುದೆಂದರೆ ಒಂದು ದಿನದ ಕೂಲಿ, ಮೋಟಾರಿನ ಖರ್ಚು, ಮಗುವನ್ನು ನೋಡಿಕೊಳ್ಳಲು ನೆರೆಯವಳ ಋಣ. ಹೋದ ಮೇಲೆ "ಇಂದು ಡಾಕ್ಟರಿಲ್ಲ, ನಾಳೆ ಬಾ". ನಾಳೆ ಹೋದರೆ "ವರದಿ ಬಂದಿಲ್ಲ, ವಾರ ಬಿಟ್ಟು ಬಾ". ಪರೀಕ್ಷೆಯೆಂಬುದು ಒಂದು ದಿನದ ಕೆಲಸವಲ್ಲ, ಸರಪಳಿ. ಕರೆ, ಪರೀಕ್ಷೆ, ವರದಿ, ಮತ್ತೊಂದು ಪರೀಕ್ಷೆ, ಚಿಕಿತ್ಸೆ: ಇವುಗಳಲ್ಲಿ ಯಾವ ಕೊಂಡಿ ಕಳಚಿದರೂ ಮಿಕ್ಕದ್ದೆಲ್ಲ ವ್ಯರ್ಥ. ಆಶಾ ಕಾರ್ಯಕರ್ತೆ ಬಂದು ಪ್ರಶ್ನೆ ಕೇಳಿ ಹಾಳೆ ತುಂಬಿಕೊಂಡು ಹೋದರೆ ಪರೀಕ್ಷೆಯಾದಂತಲ್ಲ. ಮೈಮುರಿಯ ದುಡಿಯುವ ಆ ಕಾರ್ಯಕರ್ತೆಯದೂ ಅದರಲ್ಲಿ ತಪ್ಪಿಲ್ಲ. ಹಾಳೆಯ ಮುಂದಿನ ಕೊಂಡಿಯನ್ನು ಜೋಡಿಸದವರದು ತಪ್ಪು. ಎರಡು ಸಲ ಬರಿಗೈಯಲ್ಲಿ ಮರಳಿದವಳು ಮೂರನೆಯ ಸಲ ಹೋಗದಿದ್ದರೆ ಅದು ಅಜ್ಞಾನವಲ್ಲ, ಲೆಕ್ಕಾಚಾರ.

ಈಗ ನಮ್ಮ ಸಂಘಕ್ಕೆ ನೇರವಾಗಿ ಸಂಬಂಧಿಸಿದ ಮಾತಿಗೆ ಬರುತ್ತೇನೆ. ಗಡಿಯ ಈಚೆ ಉಳಿದ ನಮ್ಮ ಹೆಣ್ಣುಮಕ್ಕಳು ಮನೆಯಲ್ಲಿ ಕನ್ನಡವಾಡುತ್ತಾರೆ. ದವಾಖಾನೆಯ ಫಲಕ, ಒಪ್ಪಿಗೆಯ ಹಾಳೆ, ವರದಿಯ ಚೀಟಿ ಸಾಮಾನ್ಯವಾಗಿ ಆಯಾ ರಾಜ್ಯದ ಭಾಷೆಯಲ್ಲಿ ಅಥವಾ ಇಂಗ್ಲಿಷಿನಲ್ಲಿ ಇರುತ್ತವೆ: ಇಲ್ಲಿ ಮರಾಠಿ, ಕಾಸರಗೋಡಿನಲ್ಲಿ ಮಲಯಾಳ, ತಾಳವಾಡಿಯಲ್ಲಿ ತಮಿಳು, ಅದೋನಿ ಮಡಕಶಿರಾಗಳಲ್ಲಿ ತೆಲುಗು. ಸಂತೆಯಲ್ಲಿ ಜೋಳದ ದರ ಕೇಳುವಷ್ಟು ನೆರೆಭಾಷೆ ನಮ್ಮ ಅವ್ವಂದಿರಿಗೆ ಬರುತ್ತದೆ. ತಮ್ಮ ಒಡಲಿನ ಗುಟ್ಟನ್ನು ಹೇಳುವಷ್ಟು ಎಲ್ಲರಿಗೂ ಬಾರದು. ಆಗ ಆಕೆ ಜೊತೆಗೆ ಶಾಲೆಗೆ ಹೋಗುವ ಮಗನನ್ನು ಕರೆದೊಯ್ಯಬೇಕು. ಹನ್ನೆರಡು ವರ್ಷದ ಮಗನ ಬಾಯಿಂದ ತನ್ನ ಮುಟ್ಟಿನ ವಿಷಯವನ್ನು ವೈದ್ಯರಿಗೆ ಹೇಳಿಸಲು ಯಾವ ತಾಯಿ ಒಪ್ಪಿಯಾಳು? ಆಕೆ ಹೋಗುವುದನ್ನೇ ಬಿಡುತ್ತಾಳೆ. ನಾವು ಅದನ್ನು ಸಂಕೋಚವೆಂದು ಕರೆಯುತ್ತೇವೆ!

ಭಾಷೆಗಾಗಿ ನಾವು ಮಾಡಿದ ಹೋರಾಟ ಸಣ್ಣದಲ್ಲ. 1956ರ ರಾಜ್ಯ ಪುನರ್ವಿಂಗಡಣೆಯಾದಂದಿನಿಂದ ಮನವಿಗಳನ್ನು ಬರೆದಿದ್ದೇವೆ. 1966ರಲ್ಲಿ ಮಹಾಜನ ಆಯೋಗ ನೇಮಕವಾದಾಗ ಹಳ್ಳಿಹಳ್ಳಿಯ ಜನಸಂಖ್ಯೆಯ ಲೆಕ್ಕ ಒಪ್ಪಿಸಿದ್ದೇವೆ. 1967ರ ಅದರ ವರದಿಯನ್ನು ಇಂದಿಗೂ ಬಾಯಿಪಾಠ ಹೇಳಬಲ್ಲ ಹಿರಿಯರು ನಮ್ಮಲ್ಲಿದ್ದಾರೆ. ನಾಮಫಲಕಕ್ಕಾಗಿ, ಶಾಲೆಯ ಮಾಸ್ತರರಿಗಾಗಿ, ಪಠ್ಯಪುಸ್ತಕಕ್ಕಾಗಿ ಧರಣಿ ಕುಳಿತಿದ್ದೇವೆ. ಅದೆಲ್ಲ ಸರಿಯೇ. ಆದರೆ ಕ್ಯಾನ್ಸರ್ ತಪಾಸಣೆಯ ಒಪ್ಪಿಗೆಯ ಹಾಳೆ ಕನ್ನಡದಲ್ಲಿಯೂ ಇರಲಿ ಎಂಬ ಬೇಡಿಕೆಯನ್ನು ನಮ್ಮ ಎಷ್ಟು ಸಂಘಗಳ ಠರಾವುಗಳಲ್ಲಿ ಕಾಣಬಹುದು? ತಮ್ಮ ಕುಂದುಕೊರತೆಯನ್ನು ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ಅನುಚ್ಛೇದ ಪ್ರತಿಯೊಬ್ಬರಿಗೂ ಕೊಟ್ಟಿದೆ. ಜಿಲ್ಲೆಯಲ್ಲಾಗಲಿ ತಾಲೂಕಿನಲ್ಲಾಗಲಿ ನೂರಕ್ಕೆ 15 ಮಂದಿ ಬೇರೆ ಭಾಷೆಯವರಿದ್ದರೆ ಮುಖ್ಯ ಸರಕಾರಿ ಪ್ರಕಟಣೆಗಳು ಆ ಭಾಷೆಯಲ್ಲಿಯೂ ಬರಬೇಕೆಂಬುದು ಭಾಷಾ ಅಲ್ಪಸಂಖ್ಯಾತರಿಗೆ ಒಪ್ಪಿಕೊಂಡ ರಕ್ಷಣೆಗಳಲ್ಲೊಂದು. ಕೈಯಲ್ಲಿ ಇಷ್ಟು ಆಧಾರವಿದ್ದೂ ನಾವು ಕೇಳಿದ್ದು ಗಂಡಸರ ಕಣ್ಣಿಗೆ ಬೀಳುವ ಕನ್ನಡವನ್ನು, ಊರ ಮುಂದಿನ ಹಲಗೆಯ ಕನ್ನಡವನ್ನು. ಪರದೆಯ ಹಿಂದೆ ಮಲಗಿದ ಹೆಂಗಸಿನ ಕಿವಿಗೆ ಬೀಳಬೇಕಾದ ಕನ್ನಡವನ್ನು ಕೇಳುವುದಕ್ಕೆ ನಾಚಿದವರು ನಾವು. ಸಂಕೋಚ ಯಾರದೆಂದು ಈಗ ವಾಚಕರೇ ತೀರ್ಮಾನಿಸಲಿ.

ಒಂದು ಆಕ್ಷೇಪಕ್ಕೆ ಇಲ್ಲಿ ಉತ್ತರ ಹೇಳಬೇಕು. "ಹಾಗಾದರೆ ಸಿಕ್ಕಸಿಕ್ಕ ಪರೀಕ್ಷೆಯನ್ನೆಲ್ಲ ಮಾಡಿಸಿಕೊಳ್ಳಬೇಕೋ? ಹಣ ಕೀಳುವ ತಂತ್ರಕ್ಕೆ ಸಿಕ್ಕಿಬೀಳಬೇಕೋ?" ಎಂದು ಕೇಳುವವರುಂಟು. ಬೇಡ. ಪರೀಕ್ಷೆಯನ್ನು ತಪ್ಪಿಸುವುದೆಲ್ಲ ಮೂಢತನವಲ್ಲ. ದಕ್ಷಿಣ ಕೊರಿಯಾದಲ್ಲಿ ಆರೋಗ್ಯವಂತರ ಕೊರಳಿನ ಥೈರಾಯ್ಡ್ ಗ್ರಂಥಿಯನ್ನು ಯಂತ್ರದಿಂದ ಪರೀಕ್ಷಿಸುವ ರೂಢಿ ಹಬ್ಬಿ, 1993ಕ್ಕೆ ಹೋಲಿಸಿದರೆ 2011ರಲ್ಲಿ ಆ ಕ್ಯಾನ್ಸರ್ ಕಂಡುಬಂದ ಪ್ರಮಾಣ ಹದಿನೈದು ಪಟ್ಟಾಯಿತು. ಸಾವು ಮಾತ್ರ ಇಳಿಯಲಿಲ್ಲ. ಬೇಡದ ಶಸ್ತ್ರಚಿಕಿತ್ಸೆ ಎಷ್ಟೋ ಜನರಿಗಾಯಿತು. ಉಸ್ಮಾನಾಬಾದಿನಲ್ಲಿಯೂ ಸಾವಿನ ಸಂಖ್ಯೆ ಸ್ಪಷ್ಟವಾಗಿ ಇಳಿದದ್ದು ವೈರಸ್ ಪರೀಕ್ಷೆಯ ಗುಂಪಿನಲ್ಲಿ. ಒಮ್ಮೆ ಮಾತ್ರ ಮಾಡಿದ ಮಿಕ್ಕೆರಡು ಪರೀಕ್ಷೆಗಳಿಂದ ಅಂಥ ಫಲ ಕಾಣಲಿಲ್ಲ. ಆದರೆ ಮುಂಬಯಿಯ ಬಡವರ ಬಡಾವಣೆಗಳಲ್ಲಿ 1998ರಿಂದ ಟಾಟಾ ಕೇಂದ್ರದವರು ಆಮ್ಲ ಸವರುವ ಪರೀಕ್ಷೆಯನ್ನೇ ಎರಡು ವರ್ಷಕ್ಕೊಮ್ಮೆ ನಾಲ್ಕು ಸಲ ಮಾಡಿದಾಗ ಸಾವು ನೂರಕ್ಕೆ 31ರಷ್ಟು ಇಳಿಯಿತು. ಅದೇ ಕಾರ್ಯಕರ್ತೆಯರು ಕೈಯಿಂದ ಸ್ತನಗಳನ್ನು ಪರೀಕ್ಷಿಸಿದ್ದರ ಫಲ 2021ರಲ್ಲಿ ಹೊರಬಿತ್ತು: 50 ದಾಟಿದವರಲ್ಲಿ ಸಾವು ಸುಮಾರು 30 ಪ್ರತಿಶತ ತಗ್ಗಿತ್ತು, ಅದಕ್ಕಿಂತ ಎಳೆಯರಲ್ಲಿ ಅಂಥ ಲಾಭ ಕಾಣಲಿಲ್ಲ. ಯಾವ ಪರೀಕ್ಷೆ, ಯಾವ ವಯಸ್ಸಿನಲ್ಲಿ, ಎಷ್ಟು ವರ್ಷಕ್ಕೊಮ್ಮೆ ಎಂಬ ವಿವೇಕ ಬೇಕು. ಆ ವಿವೇಕವನ್ನು ಜನರಿಗೆ ಅವರ ಭಾಷೆಯಲ್ಲಿ ತಿಳಿಸುವವರಿಲ್ಲದಾಗ ಹಣವುಳ್ಳವರು ಬೇಡದ ಪರೀಕ್ಷೆಗಳನ್ನು ಕೊಳ್ಳುತ್ತಾರೆ, ಹಣವಿಲ್ಲದವರು ಬೇಕಾದದ್ದನ್ನೂ ಬಿಡುತ್ತಾರೆ.

ಹೆಂಗಸರ ಸಂಕೋಚದ ಮೇಲೆ ಭಾಷಣ ಮಾಡುವ ಗಂಡಸರಿಗೂ ಒಂದು ಪ್ರಶ್ನೆ. ಬಾಯಿಯ ಕ್ಯಾನ್ಸರ್ ಭಾರತದ ಗಂಡಸರಲ್ಲಿ ಅತಿ ಹೆಚ್ಚಾಗಿ ಕಾಣುವ ಕ್ಯಾನ್ಸರುಗಳಲ್ಲೊಂದು. ತಂಬಾಕು, ಅಡಕೆ, ಗುಟಕಾ, ಮದ್ಯಗಳು ಅದರ ಬೀಜ. ಅದರ ತಪಾಸಣೆಗೆ ಬಟ್ಟೆ ಸರಿಸಬೇಕಿಲ್ಲ. ಬೆಳಕಿಗೆ ಮುಖ ಮಾಡಿ ಬಾಯಿ ತೆರೆದರೆ ಸಾಕು. ಕೆನ್ನೆಯೊಳಗೆ ಬಿಳಿಯ ಅಥವಾ ಕೆಂಪು ಮಚ್ಚೆ, ಮಾಯದ ಹುಣ್ಣು, ಬಾಯಿ ಪೂರ್ತಿ ತೆರೆಯಲಾಗದಂಥ ಬಿಗಿತ: ಇವನ್ನು ತರಬೇತಾದ ಕಣ್ಣು ಕೆಲವೇ ನಿಮಿಷಗಳಲ್ಲಿ ಗುರುತಿಸುತ್ತದೆ. ಕೇರಳದ ತಿರುವನಂತಪುರ ಜಿಲ್ಲೆಯ 13 ಪಂಚಾಯತಿಗಳಲ್ಲಿ 1996ರಿಂದ ನಡೆದ ಪ್ರಯೋಗದಲ್ಲಿ, ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರ ಬಾಯನ್ನು ಹೀಗೆ ಆಗಾಗ ನೋಡಿದ್ದರಿಂದಲೇ ಸಾವು ನೂರಕ್ಕೆ 34ರಷ್ಟು ಇಳಿದದ್ದು 2005ರಲ್ಲಿ ಪ್ರಕಟವಾಯಿತು. ಆದರೂ ರಾಷ್ಟ್ರೀಯ ಸಮೀಕ್ಷೆಯಲ್ಲಿ ಬಾಯಿಯ ತಪಾಸಣೆ ಮಾಡಿಸಿಕೊಂಡ ಗಂಡಸರ ಪ್ರಮಾಣ ಹೆಂಗಸರದಕ್ಕಿಂತ ಹೇಳಿಕೊಳ್ಳುವಷ್ಟು ಮೇಲಿಲ್ಲ. ಕವಿಗೋಷ್ಠಿಯ ನಡುವೆ ತಂಬಾಕಿನ ಡಬ್ಬಿ ಕೈಯಿಂದ ಕೈಗೆ ಸಾಗಿಸುವ ನಮ್ಮ ರಸಿಕರು ಯಾವ ಸಂಕೋಚದಿಂದ ಬಾಯಿ ತೆರೆಯುತ್ತಿಲ್ಲ? ಹಲ್ಲಿಗೆ ಮಿಶ್ರಿ ತಿಕ್ಕುವ ಮುದುಕಿಯನ್ನು ಅಜ್ಞಾನಿ ಎನ್ನುವವರು ತಮ್ಮ ಕೆನ್ನೆಯೊಳಗಿನ ಅಜ್ಞಾನವನ್ನು ಮೊದಲು ಪರೀಕ್ಷಿಸಿಕೊಳ್ಳಲಿ.

ಬರಿಯ ಖಂಡನೆಯಿಂದ ಕೆಲಸವಾಗದು, ಮಾಡತಕ್ಕದ್ದನ್ನೂ ಹೇಳಬೇಕು. ಒಂದು: ತಪಾಸಣೆಯ ತಿಳಿವಳಿಕೆ ಪತ್ರ, ಒಪ್ಪಿಗೆಯ ಹಾಳೆ ಹಾಗೂ ವರದಿಯ ಚೀಟಿಗಳನ್ನು ಸಂಘವೇ ಒಳ್ಳೆಯ ವೈದ್ಯರ ನೆರವಿನಿಂದ ಕನ್ನಡಿಸಿ ಜಿಲ್ಲಾ ಆರೋಗ್ಯಾಧಿಕಾರಿಗಳ ಮುಂದಿಡಬೇಕು, ಸಾಹಿತಿಗಳ ಕನ್ನಡದಲ್ಲಲ್ಲ, ಅವ್ವನಿಗೆ ತಿಳಿಯುವ ಕನ್ನಡದಲ್ಲಿ. ಎರಡು: ಮುಂಬಯಿಯಲ್ಲಿ ಆ ಪರೀಕ್ಷೆಗಳನ್ನು ಮಾಡಿದವರು ಹತ್ತನೆಯ ಇಯತ್ತೆ ಓದಿ ಕೆಲವೇ ವಾರಗಳ ತರಬೇತಿ ಪಡೆದ ಹೆಂಗಸರು. ನಮ್ಮ ಕನ್ನಡ ಶಾಲೆಗಳಲ್ಲಿ ಓದಿದ ಹೆಣ್ಣುಮಕ್ಕಳಿಗೆ ಅಂಥ ತರಬೇತಿ ಕೊಡಿರೆಂದು ಸರಕಾರವನ್ನು ಕೇಳಬೇಕು. ಅವರಿಗೆ ಉದ್ಯೋಗವೂ ಆಯಿತು, ನಮ್ಮ ತಾಯಂದಿರಿಗೆ ಮಾತು ತಿಳಿಯುವ ದಾದಿಯೂ ದೊರೆತಳು. ಮೂರು: ಮಾದರಿಯನ್ನು ತಾನೇ ತೆಗೆಯುವ ವೈರಸ್ ಪರೀಕ್ಷೆ ನಮ್ಮ ಹಳ್ಳಿಗಳ ಉಪಕೇಂದ್ರಗಳಿಗೂ ಬರಬೇಕೆಂದು ಒತ್ತಾಯಿಸಬೇಕು. 35ರ ವಯಸ್ಸಿನೊಳಗೆ ಒಮ್ಮೆ, 45ರೊಳಗೆ ಮತ್ತೊಮ್ಮೆ, ನೂರಕ್ಕೆ 70 ಸ್ತ್ರೀಯರಿಗೆ ಉತ್ತಮ ಪರೀಕ್ಷೆ ಸಿಗಬೇಕೆಂಬುದು 2030ಕ್ಕೆಂದು ವಿಶ್ವ ಆರೋಗ್ಯ ಸಂಸ್ಥೆ ಇಟ್ಟ ಗುರಿ. ಅದರಲ್ಲಿ ಗಡಿನಾಡಿನವರ ಪಾಲೂ ಇದೆ. ನಾಲ್ಕು: ನಾಡಹಬ್ಬಕ್ಕೆ, ರಾಜ್ಯೋತ್ಸವಕ್ಕೆ ಹಾಕುವ ಮಂಟಪದ ಪಕ್ಕದಲ್ಲಿಯೇ ಒಂದು ಪರದೆ ಕಟ್ಟಿ, ಊರ ನರ್ಸಬಾಯಿಯನ್ನು ಕರೆಸಿ, ಮೊದಲು ಸಂಘದ ಪದಾಧಿಕಾರಿಗಳೇ ಬೆಳಕಿಗೆ ಬಾಯಿ ತೆರೆದು ಕೂಡಬೇಕು, ಅವರ ಹೆಂಡಂದಿರನ್ನೂ ಸೊಸೆಯಂದಿರನ್ನೂ ಮಾನದಿಂದ ಕರೆದೊಯ್ಯಬೇಕು.

ಈಗ ಹೆಣ್ಣುಮಕ್ಕಳಿಗೆಂದು ಲಸಿಕೆಯೂ ಬಂದಿದೆ, ಅದು ಒಳ್ಳೆಯದೇ. ಆದರೆ ಲಸಿಕೆಯಿಂದ ರಕ್ಷಣೆ ಮುಖ್ಯವಾಗಿ ನಾಳಿನ ತಾಯಂದಿರಿಗೆ. ಇಂದು ಮೂವತ್ತೈದು ನಲವತ್ತೈದರಲ್ಲಿರುವ, ನಮಗೆ ಅನ್ನ ಬಡಿಸುತ್ತಿರುವ ತಾಯಂದಿರಿಗೆ ತಪಾಸಣೆಯನ್ನು ಬಿಟ್ಟರೆ ದಾರಿಯಿಲ್ಲ. ಅವರು ಬರುವುದಿಲ್ಲವೆಂಬ ಮಾತನ್ನು ಉಸ್ಮಾನಾಬಾದಿನ ಇಪ್ಪತ್ತೇಳು ಸಾವಿರ ಹೆಂಗಸರು ಸುಳ್ಳು ಮಾಡಿದ್ದಾರೆ. ಕರೆದರೆ ಬರುತ್ತಾರೆ, ಮಾನದಿಂದ, ಹತ್ತಿರದಲ್ಲಿ, ತಿಳಿಯುವ ಮಾತಿನಲ್ಲಿ ಕರೆಯಬೇಕು. ಹಾಗೆ ಕರೆಯುವವರೆಗೆ ಅವರ ಅಜ್ಞಾನದ ಮಾತನ್ನು ಎತ್ತುವ ಅಧಿಕಾರ ನಮ್ಮಲ್ಲಿ ಯಾರಿಗೂ ಇಲ್ಲ.